ಕಲ್ಲಿಗೆ ಯಾರಿಷ್ಟ, ನೀರೋ ಗ್ಯಾಸೋ?

ನಾವು ಇಂಗ್ಲಿಷ್ ಮೀಡಿಯಂನಲ್ಲೇ ಓದಿ ಬಂದ ಸೆಕೆಂಡ್ ಇಯರ್‌ನವರು. 'ವೆಟಬಿಲಿಟಿ' ಅಂದ್ರೆ ಡೆಫಿನಿಷನ್ ಪಟಪಟ ಒಪ್ಪಿಸ್ತೀವಿ. ಕನ್ನಡದಲ್ಲಿ ಹೇಳಿ ಅಂದ್ರೆ ತಲೆ ಕೆರ್ಕೋತೀವಿ. ಅದಕ್ಕೇ ಈ ಸಲ ಅದನ್ನೇ ಬರೆಯೋಣ ಅಂತ ಕೂತಿದ್ದೀವಿ.

ಕೆಸುವಿನ ಎಲೆ ಮೇಲೆ ನೀರು ಹಾಕಿದ್ರೆ ಮುತ್ತಿನ ಹಾಗೆ ಉರುಳುತ್ತೆ. ಸಾದಹಳ್ಳಿ ಕಲ್ಲಿನ ಚಪ್ಪಡಿ ಮೇಲೆ ಹಾಕಿದ್ರೆ ಹರಡುತ್ತೆ. ಹನಿಯ ಅಂಚು ಕಲ್ಲಿನ ಜೊತೆ ಮಾಡೋ ಕೋನವೇ ಕಾಂಟ್ಯಾಕ್ಟ್ ಆ್ಯಂಗಲ್. ಕೋನ ಚಿಕ್ಕದಾದಷ್ಟೂ ಕಲ್ಲಿಗೆ ನೀರಿನ ಮೇಲೆ ಪ್ರೀತಿ ಜಾಸ್ತಿ. 90 ಡಿಗ್ರಿ ದಾಟಿತೋ, ಕಲ್ಲು ಪಾರ್ಟಿ ಬದಲಾಯಿಸಿತು ಅಂತ.

ನಮಗ್ಯಾಕೆ ಇದು? ಯಲಹಂಕದಲ್ಲೇ ಕೆಪಿಸಿಎಲ್‌ನ 370 ಮೆಗಾವ್ಯಾಟ್ ಗ್ಯಾಸ್ ವಿದ್ಯುತ್ ಸ್ಥಾವರ ಇದೆ. ಇಂಥ ಚಿಮಣಿಗಳ ಕಾರ್ಬನ್ ಡೈಆಕ್ಸೈಡ್ ಹಿಡಿಯೋ ಸಂಶೋಧನೆಗೆ ಪಕ್ಕದ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಒಂದು ರಾಷ್ಟ್ರೀಯ ಕೇಂದ್ರವೂ ಇದೆ. ಹಿಡಿದದ್ದನ್ನ ಇಡೋದೆಲ್ಲಿ? ಒಂದು ದಾರಿ, ಸುಮಾರು 800 ಮೀಟರ್‌ಗಿಂತ ಆಳದ ಕಲ್ಲಿನೊಳಗೆ. 31 ಡಿಗ್ರಿ ಸೆಲ್ಸಿಯಸ್, 74 ಬಾರ್ ದಾಟಿದರೆ ಅದು ಸೂಪರ್‌ಕ್ರಿಟಿಕಲ್: ಹರಿಯೋದು ಗ್ಯಾಸ್‌ನಂತೆ, ತೂಕ ದ್ರವದಂತೆ. ಆದ್ರೂ ಅಲ್ಲಿನ ನೀರಿಗಿಂತ ಹಗುರ, ಮೇಲೇಳೋಕೆ ನೋಡುತ್ತೆ. ತಡೆಯೋದು ಮೇಲಿನ ಬಿಗಿ ಕಲ್ಲಿನ ಸಣ್ಣ ಸಣ್ಣ ರಂಧ್ರಗಳಲ್ಲಿ ಕೂತ ನೀರು.

ತೊಡಕು ಇಲ್ಲೇ ಇದೆ. ಪ್ರೆಷರ್ ಏರಿದಂತೆ ಕಾರ್ಬನ್ ಡೈಆಕ್ಸೈಡ್ ಸಾಂದ್ರವಾಗಿ ಕಲ್ಲಿಗೆ ಹತ್ತಿರವಾಗುತ್ತೆ, ಕೋನ ದೊಡ್ಡದಾಗುತ್ತೆ, ನೀರಿನ ಹಿಡಿತ ಸಡಿಲವಾಗುತ್ತೆ. ಬಿಸಿಯ ಲೆಕ್ಕ ಕಲ್ಲಿಂದ ಕಲ್ಲಿಗೆ ಬೇರೆ. ಬಿಸಿ ಏರಿದಾಗ ಸುಣ್ಣಕಲ್ಲಿನ ಕ್ಯಾಲ್ಸೈಟ್ ಮೇಲೆ ಕೋನ ಇಳಿದದ್ದು ಪ್ರಯೋಗಗಳಲ್ಲಿ ಕಂಡಿದೆ, ಕ್ವಾರ್ಟ್ಜ್ ಮೇಲೆ ಏರಿದ್ದೂ ಇದೆ. ಹಾಗಾಗಿ ಒಂದೂರಿನ ಲೆಕ್ಕ ಇನ್ನೊಂದೂರಿಗೆ ನಡೆಯಲ್ಲ.

ನಮ್ಮ ಬೆಂಗಳೂರಿನ ಗ್ರಾನೈಟ್‌ನಲ್ಲಿ ರಂಧ್ರಗಳೇ ಕಮ್ಮಿ. ಆದರೆ ವಿಜಯಪುರ, ಕಲಬುರಗಿ ಕಡೆ ಡೆಕ್ಕನ್ ಟ್ರ್ಯಾಪ್‌ನ ಬಸಾಲ್ಟ್ ಇದೆ. ಐಸ್‌ಲ್ಯಾಂಡ್‌ನ ಕಾರ್ಬ್‌ಫಿಕ್ಸ್ ತಂಡ 2012ರಲ್ಲಿ ಕಾರ್ಬನ್ ಡೈಆಕ್ಸೈಡನ್ನು ನೀರಲ್ಲಿ ಕರಗಿಸಿ ಬಸಾಲ್ಟ್‌ಗೆ ಇಳಿಸಿದಾಗ, ಎರಡು ವರ್ಷದೊಳಗೆ ಶೇ. 95ಕ್ಕೂ ಹೆಚ್ಚು ಭಾಗ ಕಲ್ಲೇ ಆಗಿಹೋಯ್ತು. ಕೇಳೋಕೆ ಮಜಾ ಇದೆ. ಆದ್ರೆ ನಮ್ಮ ಗ್ಯಾಂಗ್‌ನ ವಿಜಯಪುರದವನು ಒಂದೇ ಮಾತು ಕೇಳಿದ: "ನಮ್ಮ ಬೋರ್ ನೀರೂ ಅದ ಕಲ್ಲಾಗಿಂದ ಬರ್ತೈತಿ. ನಮ್ಮವ್ವಗ ಇದನ್ನ ಯಾರ್ ಹೇಳಾವ್ರು?"

ನಾಳೆ ಯಾರಾದ್ರೂ ಇಲ್ಲೂ ಇಳಿಸ್ತೀವಿ ಅಂತ ಬಂದ್ರೆ, ನೆಲದ ಮೇಲಿರೋರು ಕೇಳಬೇಕಲ್ಲ: ಎಷ್ಟು ಆಳ? ಮೇಲೆ ಮುಚ್ಚಳದ ಕಲ್ಲು ಇದೆಯಾ? ಅಲ್ಲಿನ ಬಿಸಿ, ಪ್ರೆಷರ್‌ನಲ್ಲಿ ನಮ್ಮ ಕಲ್ಲನ್ನೇ ಇಟ್ಟು ಕೋನ ಅಳೆದಿದ್ದೀರಾ? ಈ ಮೂರು ಪ್ರಶ್ನೆ ಅವ್ವನಿಗೆ ಫೋನ್‌ನಲ್ಲಿ ಹೇಳೋಕೆ ಅವನಿಗೆ ಹತ್ತು ನಿಮಿಷ ಸಾಕಾಯ್ತು. ಕೆಸುವಿನ ಎಲೆಯಿಂದ ಶುರು ಮಾಡಿದ್ನಂತೆ.