ಮಧುಗಿರಿಯ ಗೆರೆ ಹಿಡಿದು ಕಡಲ ದಾರಿ

ಮಧುಗಿರಿಯ ಏಕಶಿಲಾ ಬೆಟ್ಟದ ನೆತ್ತಿ ಸಮುದ್ರ ಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದಲ್ಲಿದೆ. ಕೋಟೆಯ ಬಾಗಿಲುಗಳನ್ನು ದಾಟಿ, ಬಂಡೆಯಲ್ಲಿ ಕಡಿದ ಮೆಟ್ಟಿಲುಗಳನ್ನೇರಿ, ಏದುಸಿರು ಬಿಡುತ್ತಾ ತುದಿ ಮುಟ್ಟಿದವರಿಗೆ ಹೊಲ, ಗುಡ್ಡ, ಒಣಗಿದ ಕೆರೆಯಂಗಳ ಎಲ್ಲವೂ ಕಾಣುತ್ತವೆ. ಕಡಲು ಮಾತ್ರ ಕಾಣುವುದಿಲ್ಲ. ಆದರೆ ಅಲ್ಲಿಂದ ಕಡಲಿಗೆ ಒಂದು ನೇರ ದಾರಿಯಿದೆ. ಶಾಲೆಯ ಅಟ್ಲಾಸ್ ತೆರೆದು ಮಧುಗಿರಿಯ ಮೇಲೆ ಸ್ಕೇಲನ್ನು ಅಡ್ಡಲಾಗಿಟ್ಟು ಪಶ್ಚಿಮಕ್ಕೆ ಗೆರೆ ಎಳೆಯಿರಿ. ಗೆರೆ ತರೀಕೆರೆ, ತೀರ್ಥಹಳ್ಳಿಗಳ ಪಕ್ಕದಲ್ಲಿ ಹಾದು, ಘಟ್ಟವಿಳಿದು, ಕುಂದಾಪುರದ ಬಳಿಯ ಗಂಗೊಳ್ಳಿಯಲ್ಲಿ ನೀರು ಮುಟ್ಟುತ್ತದೆ. ಎರಡು ಊರುಗಳೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ನಡುವಿನ ಅಂತರ ಸುಮಾರು 275 ಕಿಲೋಮೀಟರ್.

ಗೆರೆಯನ್ನು ಅಲ್ಲಿಗೇ ನಿಲ್ಲಿಸದೆ ಮುಂದಕ್ಕೆಳೆದರೆ ಅರಬ್ಬಿ ಸಮುದ್ರವನ್ನೆಲ್ಲ ದಾಟಿ ಯೆಮೆನ್ ದೇಶದ ಕರಾವಳಿಯನ್ನು ತಲುಪುತ್ತದೆ. ಅದು ಮೂರು ಸಾವಿರ ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ನಾವಿಕರ ಲೆಕ್ಕದಲ್ಲಿ ಸುಮಾರು 1,600 ನಾವಿಕ ಮೈಲಿ. ಅಕ್ಷಾಂಶದ ಒಂದು ಡಿಗ್ರಿಯನ್ನು ಅರವತ್ತು ಪಾಲು ಮಾಡಿದರೆ ಬರುವ ಒಂದು ಪಾಲೇ ನಾವಿಕ ಮೈಲಿ, ಅಂದರೆ 1.852 ಕಿಲೋಮೀಟರ್. ಮಧುಗಿರಿಗಿಂತ ಪಾವಗಡ ಉತ್ತರಕ್ಕೆ ಇಂಥ 26 ಮೈಲಿ ದೂರವಿದೆ. ಗಂಟೆಗೆ ಏಳು ನಾವಿಕ ಮೈಲಿ ಸಾಗುವ ದೋಣಿಗೆ ಇಷ್ಟಕ್ಕೇ ಸುಮಾರು ನಾಲ್ಕು ಗಂಟೆ ಬೇಕು. ಬಸ್ಸಿನಲ್ಲಿ ಕುಳಿತವರು ಅಷ್ಟು ಹೊತ್ತಿಗೆ ಪಾವಗಡ ತಲುಪಿ, ಶನಿಮಹಾತ್ಮನ ದರ್ಶನ ಮಾಡಿ, ಊಟವನ್ನೂ ಮುಗಿಸಿರುತ್ತಾರೆ!

ಹಾಯಿಯಿಲ್ಲದೆ ಕೇವಲ ಡೀಸೆಲ್ ಎಂಜಿನ್ನಿನ ಬಲದಿಂದ ಮಹಾಸಾಗರ ದಾಟುವ ಚಿಕ್ಕ ದೋಣಿಗಳಿಗೆ ಮೋಟಾರ್ ಯಾಟ್ ಎಂದು ಹೆಸರು. ಮನೆಯಂತೆ ಅಡುಗೆ, ಹಾಸಿಗೆ, ಸ್ನಾನಗಳ ವ್ಯವಸ್ಥೆ ಅದರಲ್ಲಿರುತ್ತದೆ. ಮರೆನ್-ಮರೀ ಎಂಬ ಫ್ರೆಂಚ್ ಚಿತ್ರಕಾರ 1936ರಲ್ಲಿ ಇಂಥದೊಂದು ದೋಣಿಯಲ್ಲಿ ಒಬ್ಬನೇ ನ್ಯೂಯಾರ್ಕಿನಿಂದ ಫ್ರಾನ್ಸಿಗೆ ಅಟ್ಲಾಂಟಿಕ್ ದಾಟಿದ. ಅಮೆರಿಕದ ನೌಕಾದಳದಿಂದ ನಿವೃತ್ತನಾದ ರಾಬರ್ಟ್ ಬೀಬ್, ಸಿಂಗಾಪುರದಲ್ಲಿ ಐವತ್ತು ಅಡಿಯ ದೋಣಿ ಕಟ್ಟಿಸಿ, 1963ರಲ್ಲಿ ಹಿಂದೂ ಮಹಾಸಾಗರ, ಕೆಂಪು ಸಮುದ್ರಗಳ ಮೂಲಕ ಗ್ರೀಸ್ ದೇಶ ಸೇರಿದ. ಅವನ ಅನುಭವದ ಸಾರ ಒಂದೇ: ಅವಸರ ಕೂಡದು.

ಇದಕ್ಕೆ ಕಾರಣ ಭೌತವಿಜ್ಞಾನದಲ್ಲಿದೆ. ದೋಣಿಯ ವೇಗ ಏರಿದಂತೆ ಎಂಜಿನ್ ಒದಗಿಸಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆಂದು ಸ್ಥೂಲವಾಗಿ ಹೇಳಬಹುದು. ಹಾಗಾಗಿ ಮೈಲಿಗೆ ಸುಡುವ ಡೀಸೆಲ್ ವೇಗದ ವರ್ಗದಂತೆ ಹೆಚ್ಚುತ್ತದೆ. ಎಂಟರಿಂದ ಆರಕ್ಕೆ ವೇಗ ಇಳಿಸಿದರೆ ಅದೇ ದಾರಿಗೆ ಅರ್ಧಕ್ಕಿಂತ ತುಸು ಹೆಚ್ಚು ಎಣ್ಣೆ ಸಾಕು. ಮೈಲಿಗೆ ಎರಡು ಲೀಟರ್ ಹಿಡಿದರೆ ಗಂಗೊಳ್ಳಿಯಿಂದ ಯೆಮೆನ್‌ವರೆಗೆ 3,200 ಲೀಟರ್. ಎದುರುಗಾಳಿ, ಪ್ರವಾಹಗಳಿಗೆಂದು ಇನ್ನೂ ಐದರಲ್ಲೊಂದು ಪಾಲು. ಒಂಬತ್ತೂವರೆ ದಿನ ಹಗಲಿರುಳು ಎಂಜಿನ್ ಓಡಬೇಕು. ನಡುವೆ ಬಂಕ್ ಇಲ್ಲ, ಮೆಕ್ಯಾನಿಕ್ ಇಲ್ಲ. ನೀರಿನಿಂದ ಮೂರು ಮೀಟರ್ ಎತ್ತರದಲ್ಲಿ ಕಣ್ಣಿಟ್ಟು ಚುಕ್ಕಾಣಿ ಹಿಡಿದವನಿಗೆ ಸುತ್ತ ಆರು ಕಿಲೋಮೀಟರಿನಷ್ಟೇ ಸಮುದ್ರ ಕಾಣುತ್ತದೆ. (ಇಂದು ಈ ದಾರಿಯನ್ನು ಅಟ್ಲಾಸಿನಲ್ಲಷ್ಟೇ ಹಿಡಿಯುವುದು ಕ್ಷೇಮ, ಕಡಲುಗಳ್ಳರ ಹಾವಳಿ, ಯೆಮೆನ್‌ನ ಯುದ್ಧ ಎರಡನ್ನೂ ಆ ನೀರು ಕಂಡಿದೆ.)

ಹೊರಡುವ ಕಾಲವೂ ಮುಖ್ಯ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಈಶಾನ್ಯದ ಗಾಳಿ ಹಿಂದಿನಿಂದ ನೂಕುತ್ತದೆ. ಜೂನ್ ಬಂದರೆ ನೈರುತ್ಯ ಮುಂಗಾರು ಕಡಲನ್ನು ಮುಚ್ಚಿಬಿಡುತ್ತದೆ. ಗಂಗೊಳ್ಳಿಯ ಯಾಂತ್ರೀಕೃತ ಮೀನುಗಾರಿಕೆ ದೋಣಿಗಳಿಗೂ ಜೂನ್, ಜುಲೈ ಎರಡು ತಿಂಗಳು ಸರ್ಕಾರದ ನಿಷೇಧವಿದೆ. ಅಲ್ಲಿ ದೋಣಿಗಳು ದಡ ಸೇರುವ ಹೊತ್ತಿಗೆ ಇಲ್ಲಿ ಮಧುಗಿರಿ, ಪಾವಗಡಗಳ ರೈತರು ಶೇಂಗಾ ಬೀಜ ಇಟ್ಟುಕೊಂಡು ಆಕಾಶ ನೋಡುತ್ತಿರುತ್ತಾರೆ. ಎರಡೂ ಕಡೆ ಬೀಸುವುದು ಒಂದೇ ಗಾಳಿ. ಆದರೆ ನಮ್ಮ ಗೆರೆಗೆ ಹತ್ತಿರದಲ್ಲೇ ಇರುವ ಆಗುಂಬೆಯಲ್ಲಿ ಅದು ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಗಿಲಾಗಿ ಸುರಿದುಬಿಡುತ್ತದೆ. ಘಟ್ಟ ದಾಟಿ ಪಾವಗಡಕ್ಕೆ ಬರುವ ವೇಳೆಗೆ ಅದರ ಹತ್ತನೆಯ ಒಂದು ಪಾಲೂ ಉಳಿದಿರುವುದಿಲ್ಲ.

ಹೀಗೆ ಬಿದ್ದ ಅಲ್ಪ ಮಳೆ ಹರಿಯುವುದು ಬಂದ ದಿಕ್ಕಿಗಲ್ಲ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ, ಕೊರಟಗೆರೆ, ಮಧುಗಿರಿ ಸೀಮೆಗಳಲ್ಲಿ ಹಾದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಶಿರಾ ಕಡೆಯ ಹೆಚ್ಚಿನ ನೀರು ವೇದಾವತಿಗೆ ಇಳಿಯುತ್ತದೆ. ಎರಡರ ಕೊನೆಯೂ ಬಂಗಾಳ ಕೊಲ್ಲಿಯೇ. ವರ್ಷದ ಬಹುಪಾಲು ಇವು ಬರೀ ಮರಳು. ಆ ಮರಳಿನೊಳಗೆ ಹಿಂದಿನವರು ನೀರು ಕಂಡುಕೊಂಡಿದ್ದರು. ಹಳ್ಳದ ಅಂಚಿನಲ್ಲಿ, ಕೆರೆಯಂಗಳದಲ್ಲಿ ಒಂದಾಳುದ್ದ ಬಗೆದರೆ ಒಸರುವ ಸಿಹಿನೀರಿನ ಈ ಊಟೆಗೆ ಇಲ್ಲಿನ ಹೆಸರು ತಲಪರಿಗೆ. ಈ ನಾಲ್ಕೂ ತಾಲ್ಲೂಕುಗಳಲ್ಲಿ ಅವು ಇದ್ದವು. ವರ್ಷಕ್ಕೊಮ್ಮೆ ಊರವರೆಲ್ಲ ಸೇರಿ ಹೂಳೆತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚಿಕೊಳ್ಳುತ್ತಿದ್ದರು. ಕೊಳವೆಬಾವಿಗಳು ಆಳಕ್ಕಿಳಿದ ಮೇಲೆ ಹೆಚ್ಚಿನವು ಬತ್ತಿದವು.

ಸಾಗರದ ಮೇಲಿನ ಸಂಸಾರವೂ ಇದೇ ಹಂಚಿಕೆಯ ಮೇಲೆ ನಡೆಯುತ್ತದೆ. ನಾಲ್ಕು ಜನರಿಗೆ ತಲೆಗೆ ದಿನಕ್ಕೆ 20 ಲೀಟರ್ ಎಂದಿಟ್ಟುಕೊಂಡರೂ ಒಂಬತ್ತೂವರೆ ದಿನಕ್ಕೆ 760 ಲೀಟರ್ ಬೇಕು. ಗ್ರಾಮೀಣ ಕುಟುಂಬಗಳಿಗೆ ಜಲಜೀವನ್ ಮಿಷನ್ ಗೊತ್ತುಪಡಿಸಿದ ಪ್ರಮಾಣ ತಲೆಗೆ 55 ಲೀಟರ್! ಸುತ್ತಲೂ ನೀರಿದ್ದರೂ ಲೀಟರಿಗೆ 35 ಗ್ರಾಂ ಉಪ್ಪಿರುವ ಅದನ್ನು ಕುಡಿದರೆ, ಉಪ್ಪನ್ನು ಹೊರಹಾಕಲು ದೇಹ ಕುಡಿದದ್ದಕ್ಕಿಂತ ಹೆಚ್ಚು ನೀರನ್ನು ಕಳೆದುಕೊಳ್ಳುತ್ತದೆ.

ಪಾವಗಡದ ತೊಂದರೆ ಉಪ್ಪಿನದಲ್ಲ, ಫ್ಲೋರೈಡಿನದು. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಿದ ನೀರನ್ನು ಕುಡಿಯುತ್ತಾ ಬಂದರೆ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ. ಪ್ರಮಾಣ ಇನ್ನೂ ಹೆಚ್ಚಿದ್ದು ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲುಗಳು ಬಿಗಿಯುತ್ತವೆ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ; ನೀರು ಆವಿಯಾದಷ್ಟೂ ಅದು ಸಾಂದ್ರವಾಗುತ್ತದೆ.

ವಿಚಿತ್ರವೆಂದರೆ ಕಡಲಿಗೂ ಪಾವಗಡಕ್ಕೂ ಮದ್ದಾಗಿ ಬಂದದ್ದು ಒಂದೇ ಯಂತ್ರ. ಭಾರತದಲ್ಲಿ ಹುಟ್ಟಿದ ಶ್ರೀನಿವಾಸ ಸೌರಿರಾಜನ್ ಮತ್ತು ಅಮೆರಿಕದ ಸಿಡ್ನಿ ಲೋಬ್ 1960ರ ಸುಮಾರಿಗೆ ಲಾಸ್ ಏಂಜಲೀಸ್‌ನಲ್ಲಿ ತಯಾರಿಸಿದ ಪೊರೆಯಿಂದ ರಿವರ್ಸ್ ಆಸ್ಮಾಸಿಸ್ ಬಳಕೆಗೆ ಬಂತು. ನೀರನ್ನು ಒತ್ತಡದಿಂದ ಪೊರೆಗೆ ನೂಕಿದರೆ ನೀರಿನ ಅಣುಗಳು ಆಚೆ ಹೋಗುತ್ತವೆ, ಲವಣಗಳು ಈಚೆ ಉಳಿಯುತ್ತವೆ. ಸಮುದ್ರದ ನೀರಿಗೆ ಬಸ್ಸಿನ ಟೈರಿನ ಗಾಳಿಯ ಒತ್ತಡದ ಏಳೆಂಟು ಪಟ್ಟು ಬೇಕು. ಬಾವಿನೀರಿಗೆ ಅಷ್ಟು ಬೇಡ. ಹಳ್ಳಿಗಳಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕಗಳ ಒಳಗಿರುವುದೂ, ಯಾಟ್‌ಗಳ ಎಂಜಿನ್ ಕೋಣೆಯಲ್ಲಿರುವುದೂ ಇದೇ.

ವಿದ್ಯುತ್ತಿಗೂ ಇಲ್ಲಿ ಕೊರತೆಯಿಲ್ಲ. ತಿರುಮಣಿ, ವಳ್ಳೂರು ಸುತ್ತಿನ 13,000 ಎಕರೆಯಲ್ಲಿ ಹರಡಿರುವ ಪಾವಗಡ ಸೌರ ಪಾರ್ಕಿನ ಸಾಮರ್ಥ್ಯ 2,050 ಮೆಗಾವಾಟ್. ರೈತರು ಭೂಮಿಯನ್ನು ಮಾರದೆ ಗುತ್ತಿಗೆಗೆ ಕೊಟ್ಟು ಆದ ಪಾರ್ಕ್ ಇದು. ಬಿಸಿಲಿನಿಂದಲೇ ಓಡುವ ಮೋಟಾರ್ ಯಾಟ್ ಕೂಡ ಜಗತ್ತನ್ನು ಸುತ್ತಿದೆ. ‘ಪ್ಲಾನೆಟ್‌ಸೋಲಾರ್’ 2010ರ ಸೆಪ್ಟೆಂಬರಿನಲ್ಲಿ ಮೊನಾಕೊ ಬಿಟ್ಟು 584 ದಿನಗಳ ನಂತರ, 2012ರ ಮೇ ತಿಂಗಳಲ್ಲಿ, ಹನಿ ಡೀಸೆಲ್ ಇಲ್ಲದೆ ಅಲ್ಲಿಗೇ ಮರಳಿತು. ಅದರ ಫಲಕಗಳ ಸಾಮರ್ಥ್ಯ 93 ಕಿಲೋವಾಟ್. ಪಾವಗಡದ ಫಲಕಗಳು ಅಂಥ ಇಪ್ಪತ್ತೆರಡು ಸಾವಿರ ದೋಣಿಗಳಿಗೆ ಸಾಕು!

ವ್ಯತ್ಯಾಸ ಇರುವುದು ಪೊರೆಯ ಈಚೆ ಉಳಿದ ನೀರಿನಲ್ಲಿ. ಯಾಟ್‌ನ ಯಂತ್ರ ಹೀರಿದ ಹತ್ತು ಲೀಟರಿನಲ್ಲಿ ಒಂದೆರಡು ಲೀಟರ್ ಮಾತ್ರ ಸಿಹಿಯಾಗುತ್ತದೆ. ಉಳಿದದ್ದು ಸಾಗರಕ್ಕೇ ಮರಳುತ್ತದೆ, ಅದಕ್ಕೆ ಲೆಕ್ಕವಿಲ್ಲ. ಪಾವಗಡದ ಘಟಕ ಚೆಲ್ಲುವ ಪಾಲು ಕಡಿಮೆಯಾದರೂ, ಚೆಲ್ಲುವುದು ನೂರಾರು ಅಡಿ ಆಳದಿಂದ ಎತ್ತಿದ ನೀರನ್ನು. ಅದರಲ್ಲಿ ಫ್ಲೋರೈಡ್ ಮೊದಲಿಗಿಂತ ಹೆಚ್ಚಿರುತ್ತದೆ. ದನಗಳಿಗೂ ಅದನ್ನು ಕುಡಿಸಬಾರದು. ಪಾತ್ರೆ, ನೆಲ ತೊಳೆಯಲು ಬಳಸಬಹುದು. ಚರಂಡಿಗೆ ಬಿಟ್ಟರೆ ಅದು ಇಂಗುವುದು ಅದೇ ಊರಿನ ನೆಲಕ್ಕೆ.

ಫ್ಲೋರೈಡ್ ಇಲ್ಲದ ನೀರು ವರ್ಷಕ್ಕೆ ಕೆಲವು ದಿನ ಮೇಲಿನಿಂದಲೇ ಬೀಳುತ್ತದೆ. ಮಳೆ ಬಂದರೆ ಯಾಟ್‌ನವರು ಮೇಲ್ಛಾವಣಿಯ ಟಾರ್ಪಾಲಿನ ಮೂಲೆಗೆ ಕೊಳವೆ ಸಿಕ್ಕಿಸಿ, ಮೊದಲ ಹತ್ತು ನಿಮಿಷದ ನೀರನ್ನು ಹೊರಬಿಟ್ಟು, ಮಿಕ್ಕಿದ್ದನ್ನು ಟ್ಯಾಂಕಿಗೆ ಇಳಿಸುತ್ತಾರೆ. ಸುವರ್ಣ ಕರ್ನಾಟಕದ ವೇಳೆ ನಮ್ಮ ಸರ್ಕಾರಿ ಶಾಲೆಗಳ ಮಾಡಿಗೆ ಕೂರಿಸಿದ ‘ಸುವರ್ಣ ಜಲ’ದ ದೋಣಿ, ತೊಟ್ಟಿಗಳ ಉದ್ದೇಶವೂ ಅದೇ ಆಗಿತ್ತು. ನೂರು ಚದರ ಮೀಟರ್ ಮಾಡಿನ ಮೇಲೆ ಹತ್ತು ಮಿಲಿಮೀಟರ್ ಮಳೆ ಬಿದ್ದರೆ ಸಾವಿರ ಲೀಟರ್. ನಾಲ್ಕು ಜನರನ್ನು ಗಂಗೊಳ್ಳಿಯಿಂದ ಯೆಮೆನ್‌ಗೆ ತಲುಪಿಸಿ, ಇನ್ನೂ ಇನ್ನೂರ ನಲವತ್ತು ಲೀಟರ್ ಉಳಿಯುತ್ತದೆ.