ಹಳದಿ ಗಂಟು

ನಾನು ಇತಿಹಾಸದ ವಿದ್ಯಾರ್ಥಿನಿ. ಹಾರ್ಮೋನುಗಳ ವಿಚಾರ ನಮ್ಮ ಪಠ್ಯದಲ್ಲಿಲ್ಲ. ವಿಜ್ಞಾನ ಓದಿದ ಗೆಳತಿಯರೂ ಆ ಅಧ್ಯಾಯ ಬಂದಾಗ ತಲೆ ತಗ್ಗಿಸಿ ಪುಟ ಮಗುಚುತ್ತಿದ್ದರಂತೆ. ನನಗೆ ಆ ಪಾಠವಾದದ್ದು ನಮ್ಮ ಮನೆಯ ಕೊಟ್ಟಿಗೆಯಲ್ಲಿ.

ನಮ್ಮ ಗೌರಿ ಕರು ಹಾಕಿ ಆರು ತಿಂಗಳಾದರೂ ಬೆದೆಗೆ ಬಂದಿರಲಿಲ್ಲ. ಡೈರಿಗೆ ಹಾಕುವ ಹಾಲಿನ ದುಡ್ಡಿನಲ್ಲಿಯೇ ನನ್ನ ಫೀಜು, ಬಸ್ಸಿನ ಪಾಸು ಎಲ್ಲವೂ ನಡೆಯಬೇಕು. ಹಸು ಗಬ್ಬವಾಗದಿದ್ದರೆ ಮುಂದೆ ಹಾಲೆಲ್ಲಿ? ಅಪ್ಪ ಅದನ್ನು ಸಂತೆಗೆ ಹೊಡೆಯುವ ಮಾತೆತ್ತಿದರು. ಅಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಕಡೆಗೆ ಪಶುವೈದ್ಯರು ಬಂದರು. ಪರೀಕ್ಷೆ ಮಾಡಿ, "ಬಸಿರಿಲ್ಲ. ಅಂಡಾಶಯದ ಮೇಲೆ ಹಳದಿ ಗಂಟು ಹಾಗೇ ಕೂತಿದೆ" ಎಂದರು. ಅದೇನೆಂದು ನಾನು ಕೇಳಿಯೇಬಿಟ್ಟೆ. "ಹೆಣ್ಣುಮಕ್ಕಳಿಗೇಕೆ ಇದೆಲ್ಲ?" ಎಂದು ಅಜ್ಜಿ ಗದರಿದರು. ವೈದ್ಯರು ಮಾತ್ರ, "ನೋಡಮ್ಮ" ಎಂದು ಕೈ ತೊಳೆಯುತ್ತಲೇ ಹೇಳತೊಡಗಿದರು.

ಹಸುವಿನ ಚಕ್ರ ಸುಮಾರು 21 ದಿನಗಳದು. ಮಿದುಳಿನ ತಳದಲ್ಲಿರುವ ಹೈಪೋಥಲಾಮಸ್ ಬಿಟ್ಟು ಬಿಟ್ಟು ಒಂದು ಹಾರ್ಮೋನನ್ನು ಸ್ರವಿಸಿ ಪಿಟ್ಯುಟರಿ ಗ್ರಂಥಿಯನ್ನು ಎಚ್ಚರಿಸುತ್ತದೆ. ಪಿಟ್ಯುಟರಿ ಎರಡು ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ. ಮೊದಲನೆಯದು ಅಂಡವಿರುವ ಕೋಶವನ್ನು ಬೆಳೆಸುತ್ತದೆ. ಬೆಳೆದ ಕೋಶದಿಂದ ಈಸ್ಟ್ರೊಜನ್ ಹೊರಡುತ್ತದೆ. ಹಸು ಕೂಗುವುದು, ಮೇವು ಬಿಡುವುದು ಎಲ್ಲ ಅದರ ಪ್ರಭಾವವೇ. ಆಗ ಎರಡನೆಯ ಹಾರ್ಮೋನು ಒಮ್ಮೆಲೇ ಉಕ್ಕಿ ಅಂಡ ಹೊರಬೀಳುತ್ತದೆ. ಕೋಶ ಒಡೆದ ಜಾಗದಲ್ಲಿ ಹಳದಿ ಗಂಟೊಂದು ಬೆಳೆದು ಪ್ರೊಜೆಸ್ಟರಾನ್ ಸ್ರವಿಸುತ್ತದೆ. ಬರಲಿರುವ ಕರುವಿಗೆ ಗರ್ಭಕೋಶವನ್ನು ಅಣಿಮಾಡುವುದು ಅದರ ಕೆಲಸ. ಅದಿರುವವರೆಗೂ ಮತ್ತೆ ಬೆದೆಯಿಲ್ಲ.

ಕರು ನಿಂತಿದೆಯೋ ಇಲ್ಲವೋ ಎಂಬುದನ್ನು ಗರ್ಭಕೋಶಕ್ಕೆ ತಿಳಿಸುವವರಾರು? ಭ್ರೂಣವೇ! 16 ದಿನಗಳ, ಹೃದಯದ ಬಡಿತವೂ ಆರಂಭವಾಗದ, ನೂಲಿನೆಳೆಯಂಥ ಜೀವ ಇಂಟರ್‌ಫೆರಾನ್ ಟೌ ಎಂಬ ಪ್ರೋಟೀನನ್ನು ಸ್ರವಿಸಿ ತಾನಿರುವುದನ್ನು ತಿಳಿಸುತ್ತದೆ. ಆ ಸುದ್ದಿ ಬಾರದಿದ್ದರೆ ಗರ್ಭಕೋಶ ಪ್ರೋಸ್ಟಾಗ್ಲಾಂಡಿನ್ ಕಳಿಸಿ ಗಂಟನ್ನು ಕರಗಿಸುತ್ತದೆ. ಚಕ್ರ ಮೊದಲಿನಿಂದ ತಿರುಗುತ್ತದೆ. ಇದನ್ನು ಕೇಳಿ ಅಜ್ಜಿಯೂ ಗದರುವುದನ್ನು ಬಿಟ್ಟು ಜಗಲಿಯಂಚಿಗೆ ಬಂದು ಕುಳಿತರು. ಗೌರಿಯಲ್ಲಿ ಕರುವಿಲ್ಲ, ಗಂಟು ಮಾತ್ರ ಕಾವಲಿಗಿತ್ತು. ವೈದ್ಯರು ಆ ಪ್ರೋಸ್ಟಾಗ್ಲಾಂಡಿನನ್ನೇ ಸೂಜಿಯಲ್ಲಿ ಕೊಟ್ಟರು. ಮೂರನೆಯ ದಿನ ಕೋಳಿ ಕೂಗುವ ಮೊದಲೇ ಗೌರಿ ಕೂಗಿತು. ಸಂತೆಯ ಮಾತು ಅಲ್ಲಿಗೆ ನಿಂತಿತು.

ಆಮೇಲೆ ಕಾಲೇಜಿನ ಗ್ರಂಥಾಲಯದಲ್ಲಿ ಹುಡುಕಿ ಓದಿದೆ. ಹೈಪೋಥಲಾಮಸಿನ ಆ ಹಾರ್ಮೋನು ಹತ್ತೇ ಅಮೈನೋ ಆಮ್ಲಗಳ ಪುಟ್ಟ ಸರಪಳಿ. ಅದರ ರಚನೆ ತಿಳಿದದ್ದು 1971ರಲ್ಲಿ. ಅದಕ್ಕಾಗಿ ಶ್ಯಾಲಿಯವರ ತಂಡ ಲಕ್ಷಕ್ಕೂ ಮಿಕ್ಕಿ ಹಂದಿಗಳ ಹೈಪೋಥಲಾಮಸುಗಳನ್ನು ಅರೆದು ಶೋಧಿಸಬೇಕಾಯಿತು. 1977ರ ನೊಬೆಲ್ ಬಹುಮಾನದಲ್ಲಿ ಅವರಿಗೂ ಪಾಲು ಬಂದಿತು.

ಗಂಡಿನಲ್ಲಿಯೂ ಅದೇ ಪಿಟ್ಯುಟರಿ, ಅವೇ ಎರಡು ಹಾರ್ಮೋನುಗಳು! ಒಂದು ವೀರ್ಯಾಣುಗಳ ಬೆಳವಣಿಗೆಗೆ ನೆರವಾದರೆ, ಇನ್ನೊಂದು ವೃಷಣದಲ್ಲಿ ಟೆಸ್ಟೊಸ್ಟಿರಾನ್ ಹುಟ್ಟಿಸುತ್ತದೆ. ಹೋರಿಯ ದಪ್ಪ ಕೊರಳು, ಗುಟುರು ಅದರಿಂದಲೇ. ಹೆಣ್ಣಿನಂತೆ ಅದಕ್ಕೆ ಚಕ್ರವಿಲ್ಲ. ಟೆಸ್ಟೊಸ್ಟಿರಾನ್ ಸಾಕಷ್ಟಾದಾಗ ಮಿದುಳಿಗೆ ಸುದ್ದಿ ಮುಟ್ಟಿ ಅಪ್ಪಣೆಗಳು ತಗ್ಗುತ್ತವೆ. ಈ ಹಾರ್ಮೋನಿಗೆ ಹೆಸರು ಬಂದದ್ದು 1935ರಲ್ಲಿ. ಬೀಜ ಒಡೆದರೆ ಹೋರಿ ಸಾಧುವಾಗುವುದೆಂದು ನಮ್ಮ ರೈತರು ಎಂದೋ ಬಲ್ಲರು. ಅವರಿಗೂ ಕಾಣದ ಒಂದು ಸಂಗತಿಯಿದೆ: ಎತ್ತಿನ ಪಿಟ್ಯುಟರಿ ಸುಮ್ಮನಾಗುವುದಿಲ್ಲ. ಸಾಕೆನ್ನುವ ಟೆಸ್ಟೊಸ್ಟಿರಾನ್ ಇಲ್ಲದ್ದರಿಂದ, ನೊಗ ಹೊತ್ತು ನಡೆಯುವ ಎತ್ತಿನ ನೆತ್ತರಲ್ಲಿ ಆ ಎರಡು ಹಾರ್ಮೋನುಗಳು ಹೋರಿಯಲ್ಲಿರುವುದಕ್ಕಿಂತಲೂ ಹೆಚ್ಚಾಗಿ ಹರಿಯುತ್ತಿರುತ್ತವೆ.