ಮುಳ್ಳು ಎಚ್ ಮುಟ್ಟಿದ ಮೇಲೆ ಎಷ್ಟು ದೂರ?

1/3

ಮೊದಲನೇ ಫೋಟೋದಲ್ಲಿರೋದು ನಮ್ಮ ಕಾರಿನ ಸಿಲಿಂಡರ್ ಹೆಡ್, ಲೇತ್ ಅಂಗಡಿಯಿಂದ ವಾಪಸ್ ಬಂದ ದಿನ ತೆಗೆದಿದ್ದು. ಸ್ಟೋರಿ ನೋಡಿ "ಏನಾಯ್ತೋ, ಮಾರಿಬಿಟ್ರಾ?" ಅಂತ ಕೇಳಿದವರಿಗೆಲ್ಲ ಒಂದೇ ಸಲ ಉತ್ತರ. ಉದ್ದ ಇದೆ, ಮೂರು ಪೋಸ್ಟ್ ಆಗತ್ತೆ.

ಧರ್ಮಸ್ಥಳದಿಂದ ಬೇಲೂರಿಗೆ ವಾಪಸ್ ಬರ್ತಿದ್ವಿ. ಚಾರ್ಮಾಡಿ ಘಾಟಿ. ಗಾಡಿ ಓಡಿಸ್ತಿದ್ದದ್ದು ನಾನು, ಡಿಎಲ್ ಬಂದು ಎಂಟು ತಿಂಗಳು. ಅಪ್ಪ ಪಕ್ಕದಲ್ಲಿ ನಿದ್ದೆ, ಅಮ್ಮ ಅಜ್ಜಿ ಹಿಂದೆ ನಿದ್ದೆ, ಎಸಿ ಫುಲ್, ಎರಡನೇ ಗೇರು. ಅರ್ಧ ಘಾಟಿ ಹತ್ತಿರಬೇಕು, ಟೆಂಪರೇಚರ್ ಮುಳ್ಳು ಎಚ್ ಮುಟ್ಟಿತ್ತು. ನೋಡ್ಲಿಲ್ಲ ಅಂತ ಹೇಳಲ್ಲ, ನೋಡಿದೆ. ಹಿಂದೆ ಬಸ್ಸು ಹಾರ್ನ್ ಹೊಡೀತಿತ್ತು, ತಿರುವಲ್ಲಿ ನಿಲ್ಸೋಕೆ ಜಾಗ ಇರ್ಲಿಲ್ಲ. ಮುಂದೆ ಅಣ್ಣಪ್ಪ ಸ್ವಾಮಿ ಗುಡಿ ಹತ್ರ ನಿಲ್ಸೋಣ ಅಂದ್ಕೊಂಡು ಎಸಿ ಮಾತ್ರ ಆಫ್ ಮಾಡ್ದೆ. ಸ್ವಲ್ಪ ದೂರ ಹೋದ್ಮೇಲೆ ಮುಳ್ಳು ತಾನಾಗೇ ಕೆಳಗಿಳೀತು. ಅಬ್ಬಾ ಅಂತ ಆರಾಮಾಗಿ ಓಡಿಸ್ದೆ.

ಆಮೇಲೆ ಗೊತ್ತಾಗಿದ್ದು: ಆ ಸೆನ್ಸರ್ ನೀರಲ್ಲಿ ಮುಳುಗಿದ್ರೆ ಮಾತ್ರ ಸರಿಯಾಗಿ ಹೇಳೋದು. ನೀರೇ ಖಾಲಿಯಾದ್ರೆ ಮುಳ್ಳು ಸುಮ್ನೆ ಕೆಳಗೆ ಬರಬಹುದು. ನಾನು ತಣ್ಣಗಾಯ್ತು ಅಂದ್ಕೊಂಡಿದ್ದ ಹೊತ್ತಲ್ಲಿ ಇಂಜಿನ್ ಒಣಗಿಕೊಂಡು ಬೇಯ್ತಿತ್ತು.

ಗುಡಿ ಸಿಗೋಕೆ ಮುಂಚೇನೇ ಬಾನೆಟ್‌ನಿಂದ ಹಬೆ, ಗಾಡಿ ಎಳೆಯೋದು ಬಿಟ್ಟು ನಿಂತೋಯ್ತು. ಅಪ್ಪ ಎದ್ದು ಮೊದಲು ಕೇಳಿದ್ದು, "ಯಾವಾಗಿಂದ?"

"ಈಗಷ್ಟೇ ಅಪ್ಪ" ಅಂದೆ.

(ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮುಟ್ಬೇಡಿ ಕಣ್ರೋ. ಒಳಗೆ ಪ್ರೆಶರ್ ಇರೋದ್ರಿಂದ ನೀರು 100 ಡಿಗ್ರಿ ದಾಟಿದ್ರೂ ಕುದಿಯಲ್ಲ, ಮುಚ್ಚಳ ತೆಗೆದ ಕೂಡ್ಲೇ ಒಟ್ಟಿಗೆ ಕುದ್ದು ಮುಖಕ್ಕೆ ಹಾರತ್ತೆ. ನಾನು ಕೈ ಹಾಕೋಕೆ ಹೋಗಿದ್ದೆ, ಬೈಕಲ್ಲಿ ಬಂದ ಯಾರೋ ಹಿಡಿದು ತಡೆದ್ರು.)

2/3

ಟೋಯಿಂಗ್ 5,500. ಊರಿನ ಗ್ಯಾರೇಜಲ್ಲಿ ಮೆಕ್ಯಾನಿಕ್ ಅಣ್ಣ ಆಯಿಲ್ ಡಿಪ್‌ಸ್ಟಿಕ್ ಎಳೆದು ತೋರಿಸಿದ್ರು. ಕಪ್ಪಗಿರಬೇಕಾದ ಆಯಿಲ್ ಹಾಲು ಹಾಕಿದ ಕಾಫಿ ಬಣ್ಣ. ಬ್ಲಾಕ್‌ಗೂ ಹೆಡ್‌ಗೂ ಮಧ್ಯೆ ಇರೋ ಗ್ಯಾಸ್ಕೆಟ್ ಸುಟ್ಟು, ನೀರು ಆಯಿಲ್ ಒಳಗೆ ಸೇರಿದೆ ಅಂತ ಅರ್ಥ.

ಆಮೇಲೆ ನನ್ನ ಕಡೆ ತಿರುಗಿ, "ಮುಳ್ಳು ಎಚ್ ಮುಟ್ಟಿದ ಮೇಲೆ ಎಷ್ಟು ದೂರ ಓಡಿಸ್ದೆ ತಮ್ಮಾ?"

ಅಪ್ಪ ಪಕ್ಕದಲ್ಲೇ ನಿಂತಿದ್ರು. "ತಕ್ಷಣ ನಿಲ್ಲಿಸ್ದೆ ಅಣ್ಣ."

"ಹಂಗಾದ್ರೆ ಗ್ಯಾಸ್ಕೆಟ್ ಅಷ್ಟೇ ಇರತ್ತೆ ಸಾರ್. 12,000ದಲ್ಲಿ ಮುಗಿಸೋಣ."

ಮನೇಲಿ ರಾತ್ರಿ ಮೀಟಿಂಗ್. ಮಾವ ಹೇಳಿದ್ದು ಎರಡೇ ದಾರಿ: ಹಳೇ ಇಂಜಿನ್ ಒಂದು ತಂದು ಕೂರ್ಸಿ, ಇಲ್ಲಾಂದ್ರೆ ಇದ್ದ ಹಾಗೇ ಮಾರಿ. ಕಾರು 2011ರದ್ದು, 2026ಕ್ಕೆ 15 ವರ್ಷ ತುಂಬಿ ರಿಜಿಸ್ಟ್ರೇಷನ್ ರಿನ್ಯೂ ಮಾಡಿಸ್ಬೇಕು, ಇದಕ್ಯಾಕೆ ದುಡ್ಡು ಅಂತ. ಅಮ್ಮಂಗೆ ಹೋದ ವರ್ಷ ಹಾಕ್ಸಿದ ಹೊಸ ಟೈರಿನ ಸಂಕಟ. ನಾನು ನೋಟ್‌ಬುಕ್ ತಗೊಂಡೆ. ಟೈರಿಗೆ, ಟೋಯಿಂಗ್‌ಗೆ ಕೊಟ್ಟಿದ್ದು ಸಂಕ್ ಕಾಸ್ಟ್, ಇನ್ಮೇಲೆ ಖರ್ಚಾಗೋದನ್ನ ಮಾತ್ರ ನೋಡಿ ಅಂದೆ. ಕಾಸ್ಟ್ ಅಕೌಂಟಿಂಗ್ ಪೇಪರಲ್ಲಿ ಬರೆದಿದ್ದು ಜೀವನದಲ್ಲಿ ಮೊದಲ ಸಲ ಉಪಯೋಗಕ್ಕೆ ಬಂತು.

ಹಳೇ ಇಂಜಿನ್ ಫಿಟ್ಟಿಂಗ್ ಸೇರಿ 52,000. ಅದು ಎಷ್ಟು ಓಡಿದೆ, ಯಾವ ಘಾಟಿಲಿ ಬೆಂದಿದೆ ಅಂತ ಯಾರಿಗೂ ಗೊತ್ತಿಲ್ಲ. ಇಂಜಿನ್ ನಂಬರ್ ಆರ್‌ಸಿಲಿ ಇರೋದ್ರಿಂದ ಆರ್‌ಟಿಒ ಅಲೆದಾಟ ಬೇರೆ. ಇದ್ದ ಹಾಗೇ ಮಾರಿದ್ರೆ 35,000, ಓಡೋ ಸ್ಥಿತಿಲಿ ಇದ್ರೆ ಲಕ್ಷದ ಮೇಲೆ. ಇನ್ಶೂರೆನ್ಸ್ ಕೇಳ್ಬೇಡಿ, ಮೆಕ್ಯಾನಿಕಲ್ ಬ್ರೇಕ್‌ಡೌನ್ ಮಾಮೂಲಿ ಪಾಲಿಸಿಲಿ ಬರಲ್ಲ. ಇನ್ನು ಕಾರಿಲ್ಲದೆ ಇದ್ರೆ? ಅಂಗಡಿ ಸಾಮಾನು ಹಾಸನದಿಂದ ತರೋಕೆ ಗೂಡ್ಸ್ ಆಟೋ ಒಂದ್ಸಲಕ್ಕೆ 1,200, ನಮ್ಮ ಕಾರಲ್ಲಾದ್ರೆ ಪೆಟ್ರೋಲ್ 550. ತಿಂಗಳಿಗೆ ಎಂಟು ಸಲ, ಉಳಿತಾಯ 5,200. ರಿಪೇರಿ 12,000 ಅಂದ್ರೆ ಎರಡೂವರೆ ತಿಂಗಳಿಗೂ ಮುಂಚೆ ವಾಪಸ್.

"ನೋಡು, ಬಿಕಾಂ ಓದಿಸಿದ್ದು ಸಾರ್ಥಕ" ಅಂದ್ರು ಮಾವ. ಅಪ್ಪನ ಮುಖದಲ್ಲಿ ಖುಷಿ ಕಾಣಿಸ್ತು. ನಂಗೆ ಅನ್ನ ಇಳೀಲಿಲ್ಲ. ಆ ಲೆಕ್ಕದಲ್ಲಿ ಎಲ್ಲಾ ಸರಿ ಇತ್ತು, ಮೊದಲನೇ ಸಾಲಿನ 12,000 ಒಂದು ಬಿಟ್ಟು. ಅದು ನನ್ನ ಸುಳ್ಳಿನ ಮೇಲೆ ಕೊಟ್ಟ ಎಸ್ಟಿಮೇಟ್.

3/3

ಬೆಳಿಗ್ಗೆ ಗ್ಯಾರೇಜ್ ಬಾಗಿಲು ತೆಗೆಯೋ ಹೊತ್ತಿಗೆ ಒಬ್ನೇ ಹೋದೆ. "ಅಣ್ಣ, ತಕ್ಷಣ ನಿಲ್ಸಿಲ್ಲ. ಮೂರು ನಾಲ್ಕು ಕಿಲೋಮೀಟರ್ ಓಡಿಸಿದ್ದೆ."

ಬೈತಾರೆ ಅಂದ್ಕೊಂಡಿದ್ದೆ. "ನಿಮ್ಮಪ್ಪಂಗೆ ಗೊತ್ತಾ?" ಅಂದ್ರು ಅಷ್ಟೇ. ಆಮೇಲೆ ಕೂರಿಸ್ಕೊಂಡು ಹೇಳಿದ್ರು. ಹೆಡ್ ಅಲ್ಯೂಮಿನಿಯಂ. ಹೆಚ್ಚು ಹೊತ್ತು ಕಾದ್ರೆ ಹಪ್ಪಳದ ಥರ ಸೊಟ್ಟ ಆಗತ್ತೆ. ಅದರ ಮೇಲೆ ಹೊಸ ಗ್ಯಾಸ್ಕೆಟ್ ಕೂರಿಸಿದ್ರೂ ಸ್ವಲ್ಪ ದಿನಕ್ಕೇ ಮತ್ತೆ ಲೀಕು. ಇನ್ನೂ ಕಾದಿದ್ರೆ ಪಿಸ್ಟನ್ ಉಜ್ಜಿ ಬೋರಲ್ಲಿ ಗೀರು ಬಿದ್ದಿರತ್ತೆ, ನೀರು ಸೇರಿದ ಆಯಿಲ್‌ನಿಂದ ಬೇರಿಂಗ್ ಹಾಳಾಗಿರತ್ತೆ. ಆಗ ಇಂಜಿನ್ ಬದಲಾಯಿಸೋದೇ ಲೇಸು.

ಮಧ್ಯಾಹ್ನದೊಳಗೆ ಹೆಡ್ ಬಿಚ್ಚಿದ್ರು. ಸ್ಟೀಲ್ ಪಟ್ಟಿ ಅಡ್ಡ ಇಟ್ಟು, ಕೆಳಗಿನ ಸಂದಿಗೆ ಫೀಲರ್ ಗೇಜ್ ತೂರಿಸಿದ್ರು. ಇಂಥ ಸಣ್ಣ ಇಂಜಿನ್‌ಗೆ 0.05 ಎಂಎಂ ಆಸುಪಾಸು ಇದ್ರೆ ಓಕೆ ಅಂತೆ. ನಮ್ಮದರಲ್ಲಿ 0.15ರ ಎಲೆ ಸಲೀಸಾಗಿ ಒಳಗೆ ಹೋಯ್ತು. ಆಮೇಲೆ ಬೋರ್ ಒಳಗೆ ಟಾರ್ಚ್ ಬಿಟ್ಟು ಒಂದೊಂದೇ ನೋಡಿದ್ರು. ನಾಲ್ಕರಲ್ಲೂ ಗೀರಿಲ್ಲ. ಕೆಳಗೆ ಆಯಿಲ್ ಚೇಂಬರ್ ಬಿಚ್ಚಿ ಬೇರಿಂಗ್ ನೋಡಿದ್ರು, ಅದೂ ಉಳಿದಿತ್ತು. ಪಬ್ಲಿಕ್ ಎಕ್ಸಾಮ್ ರಿಸಲ್ಟ್ ದಿನಾನೂ ನಂಗೆ ಅಷ್ಟು ಭಯ ಆಗಿರ್ಲಿಲ್ಲ.

ಹೊಸ ಎಸ್ಟಿಮೇಟ್: ಲೇತಲ್ಲಿ ಹೆಡ್ ಫೇಸಿಂಗ್, ಗ್ಯಾಸ್ಕೆಟ್ ಸೆಟ್, ಹೆಡ್ ಬೋಲ್ಟು, ವಾಟರ್ ಪಂಪ್, ಒಡೆದಿದ್ದ ರೇಡಿಯೇಟರ್ ಹೋಸ್, ಆಯಿಲ್, ಲೇಬರ್ ಸೇರಿ 26,000. ಅದನ್ನ ಅಪ್ಪಂಗೆ ಹೇಳ್ಬೇಕಾದ್ರೆ ಉಳಿದಿದ್ದೂ ಹೇಳ್ಲೇಬೇಕಿತ್ತು. ಅಂಗಡಿಲಿ ಗಿರಾಕಿ ಇಲ್ಲದ ಹೊತ್ತು ನೋಡಿ ಹೇಳ್ದೆ. ತುಂಬಾ ಹೊತ್ತು ತಕ್ಕಡಿ ಒರೆಸ್ತಾ ಇದ್ರು.

"ಎರಡು ವರ್ಷದಿಂದ ಕೂಲಂಟ್ ಹಾಕ್ಸಿಲ್ಲ ಕಣೋ. ಕಡಿಮೆ ಆದಾಗೆಲ್ಲ ನಲ್ಲಿ ನೀರೇ ಸುರೀತಿದ್ದೆ" ಅಂದ್ರು. ಆಮೇಲೆ, "ಆದ್ರೂ ನನ್ನ ಎಬ್ಬಿಸ್ಬೇಕಿತ್ತು ನೀನು."

ಅಷ್ಟೇ. ಬೈದಿದ್ರೆ ಚೆನ್ನಾಗಿರ್ತಿತ್ತು.

ಲೆಕ್ಕ ಮತ್ತೆ ಹಾಕಿದ್ವಿ. 26,000 ಭಾಗಿಸು 5,200, ಐದು ತಿಂಗಳು. ಇಂಜಿನ್ ಬದಲಾಯಿಸೋದಕ್ಕಿಂತ ಅರ್ಧ ಖರ್ಚು, ಕೆಳಗಿನ ಭಾಗ ಗಟ್ಟಿ ಇದೆ ಅಂತ ಕಣ್ಣಾರೆ ನೋಡಿದ್ದೀವಿ. ರಿಪೇರಿಗೇ ಹೂಂ ಅಂದ್ವಿ. ಬೋರಲ್ಲಿ ಒಂದೇ ಒಂದು ಗೀರು ಕಂಡಿದ್ರೂ ನಾನೇ ಮಾರೋಣ ಅಂತಿದ್ದೆ. ದುಡ್ಡು ನನ್ನ ಲ್ಯಾಪ್‌ಟಾಪ್‌ಗೆ ಅಂತ ಎತ್ತಿಟ್ಟಿದ್ದು, ಅದರಲ್ಲಿ ಅರ್ಧ ನಾನು ಕೇಟರಿಂಗ್ ಕೆಲಸಕ್ಕೆ ಹೋಗಿ ಸೇರಿಸಿದ್ದು. ಈ ಸೆಮ್ ಪ್ರಾಜೆಕ್ಟ್ ಕಾಲೇಜ್ ಲ್ಯಾಬಲ್ಲೇ.

ಈಗ ಗಾಡಿ ಓಡ್ತಿದೆ. ಒಳಗೆ ಉಳಿದಿರೋ ನೀರಿನ ಅಂಶ ಹೋಗ್ಲಿ ಅಂತ ಆಯಿಲ್ ಇನ್ನೊಂದ್ಸಲ ಬೇಗ ಬದಲಾಯಿಸ್ಬೇಕಂತೆ. ಮೊನ್ನೆ ಹಾಸನಕ್ಕೆ ಹೊರಟಾಗ ಅಪ್ಪ ಕೀ ನನ್ನ ಕೈಗೇ ಕೊಟ್ರು. ಹೋಗ್ತಾ ಬರ್ತಾ ಒಂದು ನಿಮಿಷನೂ ನಿದ್ದೆ ಮಾಡ್ಲಿಲ್ಲ.